ಗಾಳ ಹಿಡಿದ ಚಕ್ರವರ್ತಿ, ಹೆಸರಿಲ್ಲದ ಗುರುಗಳು

ಮಲ್ಕಾಜ್‌ಗಿರಿ, ಹೈದರಾಬಾದ್

ನಮ್ಮೂರಲ್ಲಿ ಮೃಗಶಿರಾ ಎಂದರೆ ಮಳೆ. ಹೈದರಾಬಾದಿನಲ್ಲಿ ಮೃಗಶಿರ ಕಾರ್ತೆ ಎಂದರೆ ಮೀನು. ಜೂನ್ ಮೊದಲ ವಾರ ದಾಟುತ್ತಿದ್ದಂತೆ ರಾಮ್‌ನಗರದ ಮೀನು ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಿನ ಮೀನು ತಿಂದರೆ ವರ್ಷವಿಡೀ ಕೆಮ್ಮು ದಮ್ಮು ಹತ್ತಿರ ಸುಳಿಯುವುದಿಲ್ಲ ಎಂಬುದು ಇಲ್ಲಿನವರ ನಂಬಿಕೆ. ಎಲ್ಲರೂ ಕೇಳುವುದು ಕೊರಮೀನು. ನಮ್ಮ ಕಡೆ ಕೊರವ ಎನ್ನುತ್ತೇವಲ್ಲ, ಅದೇ. ತೆಲಂಗಾಣ ಸರಕಾರ ಅದನ್ನು ರಾಜ್ಯ ಮೀನು ಎಂದೇ ಘೋಷಿಸಿದೆ.

ಈ ಊರಿಗೆ ಬಂದು 19 ವರ್ಷವಾಯಿತು. ಔಷಧ ತಯಾರಿಸುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಪ್ರತಿ ಮೃಗಶಿರ ಕಾರ್ತೆಗೆ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬ ನನ್ನ ಅಪ್ಪ. ಇನ್ನೊಬ್ಬ, ಸುಮಾರು 900 ವರ್ಷಗಳ ಹಿಂದೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅಪ್ಪ ಹೊಟ್ಟೆಗಾಗಿ ಗಾಳ ಹಾಕಿದವನು. ದೊರೆ ಮನರಂಜನೆಗಾಗಿ ಗಾಳ ಹಾಕಿದವನು, ಹಾಕುವುದು ಹೇಗೆಂದು ಬರೆದಿಟ್ಟವನು. ಈ ಇಬ್ಬರನ್ನು ಒಟ್ಟಿಗೆ ಯೋಚಿಸುವಂತಾದದ್ದಕ್ಕೆ ಕಾರಣ ಕೊನೆಗೆ ಹೇಳುತ್ತೇನೆ. ಮೊದಲು ದೊರೆಯ ಕತೆ.

ಹೊಳೆಯಲ್ಲಿ ಇಳಿದ ಅಜ್ಜ, ಶಕೆ ಕಟ್ಟಿದ ಅಪ್ಪ

ಸೋಮೇಶ್ವರನ ಅಜ್ಜನ ಹೆಸರೂ ಸೋಮೇಶ್ವರನೇ. ಆಹವಮಲ್ಲ ಎಂಬ ಬಿರುದಿನ ಆ ಮೊದಲನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ, ಅಂದರೆ ಈಗಿನ ಮಳಖೇಡದಿಂದ, ಕಲ್ಯಾಣಕ್ಕೆ ತಂದವನು. ಅದೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ವಾಸಿಯಾಗದ ಜ್ವರ ಬಂದಾಗ ಆತ 1068ರಲ್ಲಿ ತುಂಗಭದ್ರೆಯ ದಡದ ಕುರುವತ್ತಿಗೆ ಹೋಗಿ, ಹೊಳೆಗೆ ಇಳಿದು ಜಲಸಮಾಧಿಯಾದ. ಕುರುವತ್ತಿ ನನಗೆ ಪುಸ್ತಕದ ಊರಲ್ಲ. ನಾನು ಹುಟ್ಟಿದ್ದು ರಾಣೆಬೆನ್ನೂರು ತಾಲ್ಲೂಕಿನ ಹೊಳೆಸಾಲಿನಲ್ಲಿ. ಕುರುವತ್ತಿ ಬಸವಣ್ಣನ ಜಾತ್ರೆಗೆ ಹೊಳೆ ದಾಟಿ ಹೋದವರು ನಾವು. ಅಲ್ಲೊಬ್ಬ ಚಕ್ರವರ್ತಿ ಮುಳುಗಿದ್ದ ಎಂದು ಗೊತ್ತಾದದ್ದು ಮಾತ್ರ ಹೈದರಾಬಾದಿಗೆ ಬಂದ ಮೇಲೆ.

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯ. ಅಣ್ಣನನ್ನು ಇಳಿಸಿ 1076ರಲ್ಲಿ ಪಟ್ಟಕ್ಕೆ ಬಂದವನು, 1126ರವರೆಗೆ ಆಳಿದ. ತನ್ನ ಹೆಸರಿನಲ್ಲೇ ಶಕೆ ಆರಂಭಿಸಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಮೇಲೆ ಸಂಸ್ಕೃತ ಕಾವ್ಯ ಬರೆದ. ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯ ವಿಚಾರದಲ್ಲಿ ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಒಪ್ಪಿಕೊಂಡ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಅವನ ಕಲ್ಯಾಣದಲ್ಲೇ. ಹುಮನಾಬಾದ್ ಹತ್ತಿರದ ಜಲಸಂಗಿ ಗುಡಿಯ ಗೋಡೆಯ ಮೇಲೆ ಕಲ್ಲಿನ ಹೆಣ್ಣೊಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದೂ ವಿಕ್ರಮಾದಿತ್ಯನ ಹೊಗಳಿಕೆಯನ್ನೇ.

ಅಂಥ ಅಪ್ಪನ ಮಗನಾಗುವುದು ಸುಲಭವಲ್ಲ. ಅಪ್ಪ 50 ವರ್ಷ ಆಳಿದ್ದರಿಂದ ಮಗನ ಸರದಿ ಬರುವ ಹೊತ್ತಿಗೆ ಹರೆಯ ಕಳೆದಿರಬೇಕು. 1126-27ರಲ್ಲಿ ಪಟ್ಟವಾಯಿತು. 1138ಕ್ಕೆ ಆಳ್ವಿಕೆ ಮುಗಿಯಿತು. ಅಪ್ಪನ 50ರ ಮುಂದೆ ಮಗನ 12. ಅಪ್ಪನ ಮೇಲೆ ‘ವಿಕ್ರಮಾಂಕಾಭ್ಯುದಯ’ ಎಂಬ ಗ್ರಂಥವನ್ನು ಸೋಮೇಶ್ವರ ಬರೆದ. ಅದು ನಮಗೆ ಅಪೂರ್ಣವಾಗಿಯೇ ಸಿಕ್ಕಿದೆ.

ಚರಿತ್ರೆಯ ಪುಸ್ತಕಗಳು ಅವನ ಆಳ್ವಿಕೆಗೆ ಕೊಡುವುದು ಒಂದೆರಡು ಪುಟ. ದಕ್ಷಿಣದಲ್ಲಿ ಸಾಮಂತನೇ ಆಗಿದ್ದ ಹೊಯ್ಸಳ ವಿಷ್ಣುವರ್ಧನ ಬೆಳೆಯುತ್ತ ತುಂಗಭದ್ರೆಯ ಕಡೆಗೆ ಕೈಚಾಚುತ್ತಿದ್ದ. ಪೂರ್ವದಲ್ಲಿ ಅಪ್ಪ ಗೆದ್ದುಕೊಟ್ಟಿದ್ದ ವೆಂಗಿ ಕೈತಪ್ಪಿ ಚೋಳರ ಪಾಲಾಯಿತು. ರಾಜ್ಯ ಕರಗುತ್ತಿರುವಾಗ ಪುಸ್ತಕ ಬರೆಯುತ್ತ ಕುಳಿತ ದೊರೆ ಎಂಬುದು ಅವನ ಮೇಲಿನ ಹಳೆಯ ದೂರು. ಅವನ ಬಿರುದು ಭೂಲೋಕಮಲ್ಲ. ಆದರೆ ಜನ ನೆನಪಿಟ್ಟದ್ದು ಇನ್ನೊಂದು ಬಿರುದನ್ನು: ಸರ್ವಜ್ಞ ಚಕ್ರವರ್ತಿ.

ನೂರು ಅಧ್ಯಾಯಗಳ ಬುತ್ತಿ

ಆ ಎರಡನೆಯ ಬಿರುದಿಗೆ ಕಾರಣ ‘ಮಾನಸೋಲ್ಲಾಸ’. ಇದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇದೆ. ಸಂಸ್ಕೃತದಲ್ಲಿದೆ, ಸುಮಾರು 8,000 ಶ್ಲೋಕಗಳು. ಪಂಚಾಂಗದ ಲೆಕ್ಕಕ್ಕಾಗಿ ಒಳಗೊಂದು ಕಡೆ ಶಕ ವರ್ಷ 1051 ಬರುತ್ತದೆ, ಅಂದರೆ ಕ್ರಿ.ಶ. 1129. ಹಾಗಾಗಿ ಪುಸ್ತಕ ಆ ಸುಮಾರಿಗೆ ಹುಟ್ಟಿತೆಂದು ತಿಳಿಯುತ್ತದೆ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ರಾಜ್ಯ ಪಡೆಯುವುದು ಹೇಗೆ, ಪಡೆದದ್ದನ್ನು ಗಟ್ಟಿ ಮಾಡುವುದು ಹೇಗೆ ಎಂಬವು ಮೊದಲ ಎರಡು. ಉಳಿದ ಮೂರು ಭೋಗ, ವಿನೋದ ಮತ್ತು ಕ್ರೀಡೆ.

ಅಂದರೆ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಭಾಗ ಬದುಕನ್ನು ಸವಿಯುವುದರ ಬಗ್ಗೆ. ಆನೆ ಹಿಡಿಯುವುದು, ಕುದುರೆ ಪಳಗಿಸುವುದು, ಚಿತ್ರಕ್ಕೆ ಗೋಡೆ ಸಿದ್ಧಮಾಡುವುದು, ಕುಸ್ತಿ, ಕೋಳಿ ಕಾಳಗ, ಟಗರಿನ ಕಾಳಗ, ಹಾಡು, ಕುಣಿತ, ಕತೆ ಹೇಳುವುದು, ಎಲ್ಲವೂ ಇವೆ. ಅಡುಗೆಯ ಅಧ್ಯಾಯವಂತೂ ಬಾಯಲ್ಲಿ ನೀರೂರಿಸುತ್ತದೆ. ಉದ್ದಿನಿಂದ ಮಾಡಿ ಮೆಣಸು, ಜೀರಿಗೆ, ಇಂಗು ಸೇರಿಸುವ ಇಡ್ಡರಿಕೆ ಅಲ್ಲಿದೆ. ನಮ್ಮ ಇಡ್ಲಿಯ ಹಿರಿಯಕ್ಕ ಅದು. ವಡೆ, ದೋಸೆಗಳ ಪೂರ್ವಜರೂ ಇದ್ದಾರೆ, ಮೀನಿನ ಅಡುಗೆಯೂ ಇದೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿಯನ್ನೂ ದೊರೆ ಮರೆತಿಲ್ಲ.

ಅರಮನೆಯಲ್ಲೇ ಕುಳಿತವನಿಗೆ ಕುಟ್ಟುವ ಹಾಡು ಕೇಳಿಸುವುದಿಲ್ಲ. ಕೇಳಿಸಬೇಕಾದರೆ ಯಾರನ್ನಾದರೂ ಕರೆದು ಕೇಳಬೇಕು, ಇಲ್ಲವೇ ತಾನೇ ಹೋಗಿ ನಿಲ್ಲಬೇಕು. ಸೋಮೇಶ್ವರನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ ಗುಣ. ಗೊತ್ತಿಲ್ಲದ್ದನ್ನು ಬಲ್ಲವರಿಂದ ತಿಳಿದುಕೊಳ್ಳಲು ಅವನಿಗೆ ಸಿಂಹಾಸನ ಅಡ್ಡ ಬರಲಿಲ್ಲ.

ಮತ್ಸ್ಯವಿನೋದ

ನಾಲ್ಕನೆಯ ಭಾಗದಲ್ಲಿ, ಡೇಗೆ ಬಿಟ್ಟು ಹಕ್ಕಿ ಹಿಡಿಯುವ ಬೇಟೆಗೂ ಕಾಡಿನ ಮೃಗಬೇಟೆಗೂ ನಡುವೆ ಮತ್ಸ್ಯವಿನೋದ ಎಂಬ ಅಧ್ಯಾಯ ಬರುತ್ತದೆ. ದಡದಲ್ಲಿ ಕುಳಿತು ಎರೆ ಕಟ್ಟಿದ ಗಾಳದಿಂದ ಮೀನು ಹಿಡಿಯುವ ಆಟ ಅದು. 35 ಜಾತಿಯ ಮೀನುಗಳ ಹೆಸರು ಅದರಲ್ಲಿದೆ. ಮೊದಲು ಅವನ್ನು ಕಡಲಿನವು, ಹೊಳೆಯವು ಎಂದು ಬೇರೆ ಮಾಡುತ್ತಾನೆ. ಆಮೇಲೆ ಹುರುಪೆ ಇರುವವು, ಇಲ್ಲದವು. ಮತ್ತೆ ದೊಡ್ಡವು, ನಡುವಿನವು, ಸಣ್ಣವು.

ಪಂಡಿತರಿಗೆ ಇದು ವರ್ಗೀಕರಣ. ಗಾಳ ಹಾಕಿದವರ ಮನೆಯಲ್ಲಿ ಬೆಳೆದ ನನಗೆ ಇದು ಸಂತೆಗೆ ಹೋಗುವ ಮೊದಲು ಮಾಡುವ ಚೀಟಿಯಂತೆ ಕಂಡಿತು. ಯಾಕೆಂದರೆ ಹುರುಪೆ ಇದೆಯೋ ಇಲ್ಲವೋ ಎಂಬುದರ ಮೇಲೆ ಎರೆ ಯಾವುದೆಂಬುದು ನಿಂತಿದೆ. ರೋಹು, ಕಟ್ಲಾದಂಥ ಹುರುಪೆ ಮೀನು ಕಾಳು, ಹಿಂಡಿ, ಹಿಟ್ಟಿಗೆ ಬರುತ್ತದೆ. ಬಾಳೆ ಮೀನು, ಚೇಳು ಮೀನಿನಂಥ ನುಣ್ಣನೆ ಮೈಯವು ಮೀಸೆಯಿಂದ ತಳ ತಡಕಾಡುತ್ತ ವಾಸನೆ ಹಿಡಿದು ಬರುತ್ತವೆ. ಅವಕ್ಕೆ ಮಾಂಸ ಬೇಕು, ಹುಳು ಬೇಕು. ಸೋಮೇಶ್ವರನೂ ಎಲ್ಲ ಮೀನಿಗೂ ಒಂದೇ ತಿನಿಸು ಹೇಳುವುದಿಲ್ಲ. ಕೆಲವಕ್ಕೆ ಎಳ್ಳು, ಹಿಟ್ಟು, ಅನ್ನದ ಉಂಡೆ. ಕೆಲವಕ್ಕೆ ಮಾಂಸ.

ಇನ್ನೊಂದು ಮಾತನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಗಾಳ ಹಾಕುವ ಮೊದಲೇ, ದಿನವೂ ಒಂದೇ ಜಾಗದಲ್ಲಿ ತಿನಿಸು ಹಾಕಿ ಮೀನಿಗೆ ಅಲ್ಲಿಗೆ ಬರುವ ರೂಢಿ ಮಾಡಿಸಬೇಕು ಎನ್ನುತ್ತದೆ ಗ್ರಂಥ. ನನ್ನ ಅಪ್ಪ ಮಾಡುತ್ತಿದ್ದುದು ಅದನ್ನೇ. ಹೊಳೆ ತಿರುವಿನಲ್ಲಿ ನೀರು ನಿಧಾನವಾಗುವ ಮಡು ನೋಡಿಕೊಂಡು, ಮೂರ್ನಾಲ್ಕು ದಿನ ಸಂಜೆ ಹೊತ್ತಿಗೆ ಶೇಂಗಾ ಹಿಂಡಿ, ಜೋಳದ ನುಚ್ಚು ಬೇಯಿಸಿ ಉಂಡೆ ಮಾಡಿ ಎಸೆದು ಬರುತ್ತಿದ್ದ. ಆಗ ಗಾಳ ಒಯ್ಯುತ್ತಿರಲಿಲ್ಲ. ಐದನೆಯ ದಿನ ಅದೇ ಉಂಡೆಯೊಳಗೆ ಗಾಳ ಅಡಗಿರುತ್ತಿತ್ತು. ಮೀನು ಎರೆಗೆ ಬೀಳುವುದಿಲ್ಲ, ನಂಬಿಕೆಗೆ ಬೀಳುತ್ತದೆ ಎಂಬುದು ಅವನ ಲೆಕ್ಕ.

ಬಿದಿರ ಕೋಲು, ಗಿಡದ ನಾರಿನಿಂದ ಹೊಸೆದ ದಾರ, ಕಬ್ಬಿಣದ ಗಾಳ. ದೊರೆಯ ಸಾಮಾನು ಇಷ್ಟೇ. ಅಪ್ಪನದು ನೈಲಾನ್ ದಾರ ಎಂಬುದೊಂದೇ ವ್ಯತ್ಯಾಸ. ಅಪ್ಪ ದಾರಕ್ಕೆ ಬೆಂಡಿನ ಚೂರು ಕಟ್ಟುತ್ತಿದ್ದ. ಬೆಂಡು ಕುಣಿದರೆ ಮೀನು ಮೂಸುತ್ತಿದೆ ಎಂದು, ಒಮ್ಮೆಲೇ ಮುಳುಗಿದರೆ ನುಂಗಿತು ಎಂದು ಲೆಕ್ಕ. ದೊಡ್ಡ ಮೀನು ಸಿಕ್ಕರೆ ಎಳೆಯುತ್ತಿರಲಿಲ್ಲ. ದಾರ ಬಿಡುತ್ತಿದ್ದ, ಅದು ದಣಿದಾಗ ತರುತ್ತಿದ್ದ, ಮತ್ತೆ ಬಿಡುತ್ತಿದ್ದ. ನಮ್ಮ ಭಾಷೆ ಎರೆಹುಳುವಿಗೆ ಆ ಹೆಸರು ಕೊಟ್ಟದ್ದೇ ಈ ದಡದಿಂದ. ಗಾಳಕ್ಕೆ ಎರೆಯಾಗುವ ಹುಳು ಅದು.

ಇಂಗ್ಲಿಷಿನಲ್ಲಿ ಗಾಳದ ಮೀನುಬೇಟೆಯ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಎಲ್ಲರೂ ಹೆಸರಿಸುವ ಐಸಾಕ್ ವಾಲ್ಟನ್‌ನ ಪುಸ್ತಕ ಬಂದದ್ದು 1653ರಲ್ಲಿ. ಕಲ್ಯಾಣದ ದೊರೆ ಮೊದಲನೆಯದಕ್ಕಿಂತ 350 ವರ್ಷಕ್ಕೂ ಹಿಂದೆ ಬರೆದು ಮುಗಿಸಿದ್ದ. 1951ರಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಈ ಅಧ್ಯಾಯದ ಬಗ್ಗೆ ವಿವರವಾಗಿ ಬರೆದರು. 2005ರಲ್ಲಿ ನಳಿನಿ ಸಾಧಲೆ ಮತ್ತು ವೈ.ಎಲ್. ನೆನೆ ಅವರು ಇದರ ಮೀನುಗಳ ಮೇಲೆ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಅದನ್ನು ಹೊರತಂದ ಕೃಷಿ ಇತಿಹಾಸದ ಸಂಸ್ಥೆ ಇದ್ದದ್ದು ಸಿಕಂದರಾಬಾದಿನಲ್ಲಿ, ನನ್ನ ಮನೆಯಿಂದ ಕೆಲವೇ ಕಿಲೋಮೀಟರ್ ದೂರ. ನಮ್ಮ ದೊರೆಯನ್ನು ನಾನು ಓದಿದ್ದು ಹೀಗೆ, ಪರವೂರಲ್ಲಿ, ಇಂಗ್ಲಿಷಿನಲ್ಲಿ.

ಅಪ್ಪ ಬಂದಿದ್ದ ಜೂನ್

ಈಗ ಅಪ್ಪನ ಮಾತು. ಮಲ್ಕಾಜ್‌ಗಿರಿಗೆ ಬಂದ ಹೊಸತರಲ್ಲಿ ನಾನು ಆನಂದಬಾಗ್ ಕಡೆ ಬಾಡಿಗೆಗಿದ್ದೆ. ಮನೆ ಕೊಡುವಾಗ ಮಾಲೀಕರು ಕೇಳಿದ ಮೊದಲ ಪ್ರಶ್ನೆ ಮೀನು ಮಾಂಸದ ಬಗ್ಗೆ. ತಿನ್ನುವುದಿಲ್ಲ ಎಂದೆ. ಮನೆಯವರು ಏನು ಮಾಡುತ್ತಾರೆ ಎಂದರು. ಬೇಸಾಯ ಎಂದೆ. ಎರಡೂ ಸುಳ್ಳು. ಹೊಸ ಊರಲ್ಲಿ ಮನೆ ಹುಡುಕಿದ ನಿಮ್ಮಲ್ಲಿ ಅನೇಕರಿಗೆ ಇಂಥ ಸುಳ್ಳುಗಳ ಪರಿಚಯ ಇದ್ದೀತು.

2009ರ ಜೂನ್‌ನಲ್ಲಿ ಅಪ್ಪ ಬಂದ. ನಾನು ಬೆಳಿಗ್ಗೆ ಹೋದರೆ ರಾತ್ರಿ ಬರುವವನು. ಅವನಿಗೆ ಹೊತ್ತು ಹೋಗಬೇಕಲ್ಲ. ತೆಲುಗು ಬಾರದಿದ್ದರೂ ಕೇಳಿಕೊಂಡು ರಾಮಕೃಷ್ಣಾಪುರದ ಕೆರೆ ಹುಡುಕಿದ್ದ. ಚೀಲದಲ್ಲಿ, ಧೋತರದ ಮಡಿಕೆಯೊಳಗೆ, ಕಡ್ಡಿಗೆ ಸುತ್ತಿದ ದಾರ, ಗಾಳ ತಂದಿದ್ದ. ಅಡುಗೆಮನೆಯ ಜೋಳದ ಹಿಟ್ಟು ದಿನವೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದ್ದುದು ನನಗೆ ಗೊತ್ತೇ ಆಗಿರಲಿಲ್ಲ. ಐದನೆಯ ದಿನ, ಭಾನುವಾರ, ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕೆಜಿಯಷ್ಟಾದರೂ ತೂಗುವ ರೋಹು ಹಿಡಿದು ಗೇಟಿನಲ್ಲಿ ನಿಂತಿದ್ದ. ಮುಖದ ತುಂಬ ನಗು. ಗೇಟಿನಲ್ಲೇ ಮಾಲೀಕರೂ ಇದ್ದರು. ನನ್ನನ್ನು ಕರೆದು, ಇವರು ಯಾರು ಎಂದು ಕೇಳಿದರು.

ಊರಿನ ಕಡೆಯವರು, ಪರಿಚಯ ಎಂದೆ.

ತೆಲುಗಿನಲ್ಲೇ ಹೇಳಿದೆ. ಅಪ್ಪನಿಗೆ ತೆಲುಗು ಬಾರದು ನಿಜ. ಆದರೆ ನಾನ್ನ ಎಂಬ ಒಂದು ಮಾತು ಬಂದಿದ್ದ ನಾಲ್ಕು ದಿನದಲ್ಲೇ ಅವನ ಕಿವಿಗೆ ಬಿದ್ದಿತ್ತು. ನನ್ನ ಬಾಯಿಂದ ಅದು ಬರಲಿಲ್ಲ ಎಂಬುದು ಅವನಿಗೆ ತಿಳಿಯಿತು. ಮೀನನ್ನು ಪಕ್ಕದ ಕಟ್ಟಡದ ವಾಚ್‌ಮನ್‌ಗೆ ಕೊಟ್ಟು ಮೇಲೆ ಬಂದ. ಮಾರನೆಯ ದಿನ ಮಳೆ ಹಿಡಿಯುತ್ತದೆ, ಹೊಲ ನೋಡಬೇಕು ಎಂದು ಬಸ್ಸು ಹತ್ತಿದ. ನಮಗೆ ಹೊಲವೇ ಇರಲಿಲ್ಲ. ನಾನು ಹೇಳಿದ್ದ ಸುಳ್ಳಿಗೆ ಅವನೂ ಒಂದು ಕಂಬ ನೆಟ್ಟು ಹೋದ. 2014ರಲ್ಲಿ ತೀರಿಕೊಂಡ. ಅಷ್ಟರೊಳಗೆ ಆ ಭಾನುವಾರದ ಮಾತನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮತ್ಸ್ಯವಿನೋದವನ್ನು ಓದಿದ್ದು ಅವನು ಹೋದ ಮೇಲೆ. ನನ್ನ ಅಪ್ಪನ ವಿದ್ಯೆಯನ್ನು ಒಬ್ಬ ಚಕ್ರವರ್ತಿ ಆನೆ, ಕುದುರೆ, ಸಂಗೀತದ ಸಾಲಿನಲ್ಲಿ ಕೂರಿಸಿದ್ದಾನೆ ಎಂಬುದು ಮೊದಲಿಗೆ ಖುಷಿ ಕೊಟ್ಟಿತು. ಆಮೇಲೆ ಒಂದು ಪ್ರಶ್ನೆ ಕೊರೆಯತೊಡಗಿತು. ದೊರೆಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? 35 ಮೀನಿನ ಹೆಸರು, ಒಂದೊಂದರ ಮೇವು, ದಾರ ಹೊಸೆಯುವ ನಾರು, ಇವು ಅರಮನೆಯಲ್ಲಿ ಸಿಗುವ ವಿದ್ಯೆಯಲ್ಲ. ಯಾರೋ ಅಂಬಿಗರು, ಬೆಸ್ತರು ದಡದಲ್ಲಿ ನಿಂತು ಹೇಳಿರಬೇಕು. ನಾನು ಓದಿದ ಅನುವಾದದಲ್ಲಿ ಅವರಲ್ಲೊಬ್ಬರ ಹೆಸರೂ ಇಲ್ಲ.

ದೊರೆಯನ್ನು ದೂರಲು ಹೊರಟವನಿಗೆ ನನ್ನ ಕೆಲಸವೇ ಅಡ್ಡ ಬಂತು. ಕಾರ್ಖಾನೆಯಲ್ಲಿ ಯಾವ ಯಂತ್ರವನ್ನು ಹೇಗೆ ನಡೆಸಬೇಕೆಂಬ ಕ್ರಮವನ್ನು ಬರೆದಿಡುವುದು ನನ್ನ ಹೊಣೆ. 20 ವರ್ಷ ಯಂತ್ರದ ಮುಂದೆ ನಿಂತವರನ್ನು ಕೇಳಿ ಕೇಳಿ ಬರೆಯುತ್ತೇನೆ. ಕೆಳಗೆ ಬೀಳುವುದು ನನ್ನ ಸಹಿ, ಮೇಲಿನವರ ಸಹಿ. ಹೇಳಿಕೊಟ್ಟವರ ಹೆಸರಿಗೆ ಅಲ್ಲಿ ಜಾಗವಿಲ್ಲ. ಅಷ್ಟೇ ಅಲ್ಲ, ದೊರೆ ಕಂಡರಿಯದ ಯಾರೋ ಅಂಬಿಗನ ಹೆಸರು ಬಿಟ್ಟ. ನಾನು ಬಿಟ್ಟದ್ದು ಸ್ವಂತ ಅಪ್ಪನ ಹೆಸರು.

ದೊರೆಯ ನಂತರ

1138ರಲ್ಲಿ ಸೋಮೇಶ್ವರನ ಮಗ ಎರಡನೆಯ ಜಗದೇಕಮಲ್ಲ ಪಟ್ಟಕ್ಕೆ ಬಂದ. ಅವನೂ ಅಪ್ಪನಂತೆಯೇ ಗ್ರಂಥಕಾರ, ‘ಸಂಗೀತ ಚೂಡಾಮಣಿ’ ಬರೆದವನು. ಅವನ ನಂತರ ಮೂರನೆಯ ತೈಲಪ. ಅಷ್ಟರಲ್ಲಿ ಕಳಚುರಿ ಬಿಜ್ಜಳ ಬಲಿತು ಕಲ್ಯಾಣವನ್ನೇ ಹಿಡಿದ. ಅವನ ಕಾಲದಲ್ಲಿ ಬಸವಣ್ಣನವರ ಸುತ್ತ ಏನು ನಡೆಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇನೆ. ಸೋಮೇಶ್ವರ ಸತ್ತು ಒಂದು ತಲೆಮಾರು ಕಳೆಯುವುದರೊಳಗೆ, ತುಂಗಭದ್ರೆಯ ದಡದ ಚೌಡದಾನಪುರದ ಅಂಬಿಗನೊಬ್ಬ ಶರಣರ ನಡುವೆ ನಿಂತು ನಿಷ್ಠುರವಾಗಿ ಮಾತಾಡಿದ. ಬೇರೆ ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರೆ, ಅಂಬಿಗರ ಚೌಡಯ್ಯ ಇಟ್ಟದ್ದು ತನ್ನದೇ ಹೆಸರನ್ನು, ಕಸುಬನ್ನೂ ಸೇರಿಸಿ.

ದೊರೆಯ ಪುಸ್ತಕ ಬಿಟ್ಟ ಜಾಗ ಅಲ್ಲಿ ತುಂಬಿತು ಎಂದು ನನಗನ್ನಿಸುತ್ತದೆ. ಇದರಿಂದ ಸೋಮೇಶ್ವರ ಸಣ್ಣವನಾಗುವುದಿಲ್ಲ. ಅವನು ಕೇಳಿ ಬರೆದಿಡದಿದ್ದರೆ 900 ವರ್ಷದ ಹಿಂದೆ ನಮ್ಮವರಿಗೆ ಏನು ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಅವನಪ್ಪ ಗೆದ್ದ ವೆಂಗಿ ಇಂದು ಯಾರದೂ ಅಲ್ಲ. ಮಗ ಬರೆದ ಎರೆಯ ಉಂಡೆ ಇಂದಿಗೂ ಕೆಲಸ ಮಾಡುತ್ತದೆ.

ಹೈದರಾಬಾದಿನಿಂದ ಊರಿಗೆ ಕಾರಿನಲ್ಲಿ ಹೋಗುವ ಕಲಬುರಗಿ, ಬೀದರ್, ಸೊಲ್ಲಾಪುರ ಕಡೆಯವರು ಮುಂಬೈ ಹೆದ್ದಾರಿ ಹಿಡಿಯುತ್ತೀರಿ. ಮೊದಲು ಸಿಗುವ ಪಟಾನ್‌ಚೆರು ಹಿಂದೆ ಚಾಲುಕ್ಯರ ನೆಲೆವೀಡಾಗಿದ್ದ ಪೊಟ್ಟಳಕೆರೆ. ನಮ್ಮ ಕೆರೆ ಅವರ ಚೆರುವು ಆಗಿದೆ, ಅಷ್ಟೇ. ಮುಂದೆ ಜಲಸಂಗಿ, ಆಮೇಲೆ ಬಸವಕಲ್ಯಾಣ. ಅಲ್ಲಿ ಕೋಟೆ ಇದೆ, ತ್ರಿಪುರಾಂತಕ ಕೆರೆ ಇದೆ. ಹೋದ ಡಿಸೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಆ ದಡದಲ್ಲಿ ಕುಳಿತೆ. ದೊರೆ ಇಲ್ಲೇ ಗಾಳ ಹಾಕಿದನೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಅವಳಿಗೆ ಹೇಳಿದ್ದು ಬೇರೆ. ನಿನ್ನ ಅಜ್ಜ ಗಾಳ ಹಾಕಿ ನನ್ನನ್ನು ಓದಿಸಿದ ಎಂದು, ಆ ಭಾನುವಾರ ಗೇಟಿನಲ್ಲಿ ನಾನು ಏನು ಮಾಡಿದೆ ಎಂದು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜ ಉಂಡೆ ಹೇಗೆ ಮಾಡುತ್ತಿದ್ದ ಎಂದು ಕೇಳಿದಳು. ಶೇಂಗಾ ಹಿಂಡಿ ಎಷ್ಟು, ಜೋಳದ ನುಚ್ಚು ಎಷ್ಟು ಎಂದು ಹೇಳಿದೆ. ಮೊಬೈಲಿನಲ್ಲಿ ಬರೆದುಕೊಂಡಳು. ಮೇಲುಗಡೆ, ಮೊದಲ ಸಾಲಿನಲ್ಲೇ, ಅಜ್ಜನ ಹೆಸರು ಪೂರ್ತಿಯಾಗಿ ಹಾಕು ಎಂದೆ.